ಗೆದ್ದ ಕೈಯ ಲೆಕ್ಕ: ಪೋಕರ್ ತರಬೇತಿ ಶಿಬಿರದ ಒಂದು ಪ್ರಕರಣ

ಈ ಪ್ರಕರಣದ ತಿರುಳು ಒಂದೇ ಒಂದು ಕೈ, ಅಂದರೆ ಒಮ್ಮೆ ಎಲೆ ಹಂಚಿ ಆಡಿದ ಆಟ. ವಾರಾಂತ್ಯದ ಪೋಕರ್ ತರಬೇತಿ ಶಿಬಿರ, ಕೊನೆಯಲ್ಲಿ ಶಿಬಿರಕ್ಕೆ ಬಂದವರಿಗಷ್ಟೇ ಒಂದು ಟೂರ್ನಮೆಂಟ್. ಅದರಲ್ಲಿ ಆರು ಜನ ಉಳಿದಿದ್ದಾಗ ನಡೆದ ಕೈ ಇದು. ಆಡಿದವರು ಗೆದ್ದರು, ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಆದರೂ ಟೂರ್ನಮೆಂಟ್ ಮುಗಿದ ಮೇಲಿನ ಚರ್ಚೆಯಲ್ಲಿ ತರಬೇತುದಾರರು ಜಾಸ್ತಿ ಹೊತ್ತು ಕೆದಕಿದ್ದು ಈ ಕೈಯನ್ನೇ. ಫೈನಲ್ ಟೇಬಲ್‌ನ ಕೈಗಳನ್ನು ಬರೆದಿಡುವ ಕೆಲಸ ನನ್ನದಾಗಿತ್ತು, ಹಾಗಾಗಿ ಅಂಕಿಗಳೆಲ್ಲ ನನ್ನ ಬಳಿ ಇವೆ. ಬರೆಯಲು ಆ ಆಟಗಾರ್ತಿಯ ಒಪ್ಪಿಗೆಯೂ ಇದೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಆಡಿದವರು ಯಾರು

ಲೆಕ್ಕಪತ್ರ ನೋಡುವ ಕೆಲಸ ಅವರದು. ಗೆಳೆಯರ ಜೊತೆ ಟೆಕ್ಸಾಸ್ ಹೋಲ್ಡೆಮ್ (ತಲಾ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಇಟ್ಟು ಆಡುವ ಪೋಕರ್) ಆಡಿ ಅಭ್ಯಾಸವಿದೆ. ಟೂರ್ನಮೆಂಟ್ ಅನುಭವ ಕಡಿಮೆ. ಅಂಕಿ ಕಂಡರೆ ಹೆದರುವವರಲ್ಲ, ಮನಸ್ಸಿನಲ್ಲೇ ಭಾಗಾಕಾರ ಮಾಡಿ ಮುಗಿಸುತ್ತಾರೆ. ಇದು ಮುಖ್ಯ. ಯಾಕಂದ್ರೆ ಮುಂದೆ ನಡೆದದ್ದು ಲೆಕ್ಕ ಬಾರದವರ ಕಥೆ ಅಲ್ಲ.

ಕಲಿಸಿದ್ದು ಏನು

ಮೊದಲ ದಿನ ಪೂರ್ತಿ ಸಂಖ್ಯೆಗಳದ್ದೇ ರಾಜ್ಯ. 52 ಎಲೆಗಳಿಂದ ಎರಡೆರಡು ಎಲೆಯ 1,326 ಕೈಗಳು ಹುಟ್ಟುತ್ತವೆ. ಎಕ್ಕದ ಜೋಡಿ 6 ಬಗೆಯಲ್ಲಿ ಬರಬಹುದು, ಎಕ್ಕ-ರಾಜ 16 ಬಗೆಯಲ್ಲಿ. ಯಾವುದಾದರೂ ಒಂದು ಜೋಡಿ ಕೈಗೆ ಬರುವುದು ಸರಾಸರಿ 17 ಕೈಗೊಮ್ಮೆ. ಫ್ಲಾಪ್ (ನಡುವಿನ ಮೊದಲ ಮೂರು ಎಲೆ) ಬಿದ್ದ ಮೇಲೆ ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆಗೆ) ಒಂದೇ ಎಲೆ ಕಡಿಮೆ ಇದ್ದರೆ ನಮಗೆ ಬೇಕಾದ ಎಲೆಗಳು 9. ಇನ್ನೆರಡು ಎಲೆ ಬರುವುದಿದ್ದರೆ 4ರಿಂದ ಗುಣಿಸಿ, ಒಂದೇ ಬರುವುದಿದ್ದರೆ 2ರಿಂದ. 36 ಮತ್ತು 18 ಬರುತ್ತದೆ. ನಿಜವಾದ ಅಂಕಿ 35% ಮತ್ತು 19.6%. ಟೇಬಲ್ ಮೇಲೆ ಇಷ್ಟು ಸಾಕು.

ಆಮೇಲೆ ಪಾಟ್ ಆಡ್ಸ್, ಅಂದರೆ ಪಾಟ್‌ಗೆ (ಟೇಬಲ್ ನಡುವೆ ಸೇರಿದ ಮೊತ್ತಕ್ಕೆ) ಹೋಲಿಸಿದರೆ ನಾವು ಹಾಕಬೇಕಾದದ್ದು ಎಷ್ಟು ಅನ್ನುವ ಲೆಕ್ಕ. ಎದುರಿನವರು ಪಾಟ್‌ನ ಅರ್ಧದಷ್ಟು ಕಟ್ಟಿದರೆ ಕಾಲ್ ಮಾಡಲು, ಅಂದರೆ ಅಷ್ಟನ್ನೇ ನಾವೂ ಹಾಕಲು, 25% ಗೆಲುವಿನ ಸಾಧ್ಯತೆ ಬೇಕು. ಪಾಟ್‌ನಷ್ಟೇ ಕಟ್ಟಿದರೆ 33%. ಎಲೆಗಳನ್ನು ತೆರೆದಿಟ್ಟುಕೊಂಡೇ ಆಡಿಸಿ, ಪ್ರತಿ ಬೆಟ್‌ಗೂ ಎಷ್ಟು ಬೇಕು, ಎಷ್ಟಿದೆ ಅಂತ ಜೋರಾಗಿ ಹೇಳಿಸಿದರು. ಇದು ಒಳ್ಳೆಯ ಪದ್ಧತಿ. ಸಂಜೆಯ ಹೊತ್ತಿಗೆ ನಮ್ಮ ಆಟಗಾರ್ತಿ ಕ್ಷಣದಲ್ಲಿ ಉತ್ತರ ಹೇಳುತ್ತಿದ್ದರು.

ಎರಡನೆಯ ದಿನ ಬೆಳಿಗ್ಗೆ ಚಿಪ್ಸ್ (ಕಟ್ಟಲು ಬಳಸುವ ಬಿಲ್ಲೆಗಳು) ಕಡಿಮೆಯಾದಾಗ ಆಡುವ ರೀತಿ. ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮುಂಚೆಯೇ ಸರದಿಯಂತೆ ಇಬ್ಬರು ಕಟ್ಟಬೇಕಾದ 'ಬ್ಲೈಂಡ್' ಮೊತ್ತಗಳಲ್ಲಿ ದೊಡ್ಡದರ) ಹತ್ತು ಹನ್ನೆರಡು ಪಟ್ಟಿಗಿಂತ ಕಡಿಮೆ ಉಳಿದಿದ್ದರೆ ಸಣ್ಣ ರೈಸ್ (ಬೆಟ್ ಏರಿಸುವುದು) ಬಿಟ್ಟುಬಿಡಿ, ಆಲ್-ಇನ್ (ಇದ್ದದ್ದನ್ನೆಲ್ಲ ಹಾಕುವುದು) ಅಥವಾ ಫೋಲ್ಡ್ (ಕೈ ಬಿಟ್ಟುಕೊಡುವುದು) ಎರಡೇ ಅಂತ ಒಂದು ಚಾರ್ಟ್ ಕೊಟ್ಟರು. ಬಬಲ್ ಪಾಠಕ್ಕೆ, ಅಂದರೆ ಇನ್ನೊಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಅನ್ನುವ ಹಂತದ ಪಾಠಕ್ಕೆ, ಉಳಿದದ್ದು ಊಟದ ನಂತರದ ತೂಕಡಿಕೆಯ ಅರ್ಧ ಗಂಟೆ. ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್, ಚಿಪ್ಸ್‌ನ ಬೆಲೆಯನ್ನು ಬಹುಮಾನದ ಹಣದಲ್ಲಿ ಅಳೆಯುವ ಲೆಕ್ಕ) ಅನ್ನುವ ಹೆಸರು ಬಂತು, ಒಂದು ಸ್ಲೈಡ್ ಹೋಯಿತು. ನಮ್ಮ ಆಟಗಾರ್ತಿಯ ನೋಟ್‌ಬುಕ್‌ನಲ್ಲಿ ಆ ಪಾಠದಿಂದ ಉಳಿದದ್ದು ಒಂದೇ ಸಾಲು: 'ಬಬಲ್ ಹತ್ತಿರ ಬಂದರೆ ಎಚ್ಚರ.' ಅದರ ಪಕ್ಕ ಒಂದು ಅಂಕಿಯೂ ಇಲ್ಲ. ಉಳಿದೆಲ್ಲ ಪುಟಗಳಲ್ಲಿ ಅಂಕಿ ತುಂಬಿವೆ.

ಮುಂದಿನ ಎರಡೂ ತಪ್ಪು ನಿರ್ಧಾರಗಳ ಬೇರು ಈ ಸಾಲಿನಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಒಂದು ಕಡೆ ಗಟ್ಟಿ ಅಂಕಿ, ಇನ್ನೊಂದು ಕಡೆ ಬರೀ ಎಚ್ಚರಿಕೆ. ಒತ್ತಡ ಬಂದಾಗ ಎರಡೂ ಅದಲುಬದಲಾದವು.

ಹನ್ನೊಂದು ಜನ ಉಳಿದಾಗ

ಟೂರ್ನಮೆಂಟ್‌ಗೆ ಕೂತವರು 40 ಜನ. ತಲಾ 20,000 ಚಿಪ್ಸ್, ಒಟ್ಟು 8,00,000. ಬ್ಲೈಂಡ್ 100 ಮತ್ತು 200ರಿಂದ ಶುರು, ಪ್ರತಿ 20 ನಿಮಿಷಕ್ಕೆ ಏರಿಕೆ. ಬಹುಮಾನ ಐದು ಜನಕ್ಕೆ: ಒಟ್ಟು ಮೊತ್ತದ 40, 25, 16, 11 ಮತ್ತು 8 ಶೇಕಡಾ.

ಮೊದಲ ಕೆಲವು ಗಂಟೆಗಳಲ್ಲಿ ಹೇಳುವಂಥದ್ದೇನೂ ಇಲ್ಲ. ಒಬ್ಬರು ಬಾಯಲ್ಲಿ ಏನೂ ಹೇಳದೆ ಒಂದೇ ಒಂದು ದೊಡ್ಡ ಚಿಪ್ ಮುಂದಿಟ್ಟು, ತಾವು ರೈಸ್ ಮಾಡಿದೆವು ಅಂದುಕೊಂಡರು. ನಿಯಮದ ಪ್ರಕಾರ ಅದು ಬರೀ ಕಾಲ್. ಮೊದಲ ದಿನವೇ ಹೇಳಿಕೊಟ್ಟಿದ್ದರು, ಆದರೆ ಇಂಥದ್ದು ಒಮ್ಮೆ ಪೆಟ್ಟು ತಿಂದ ಮೇಲೇ ತಲೆಗೆ ಹೋಗುವುದು.

11 ಜನ ಉಳಿದಾಗ ಬ್ಲೈಂಡ್ 4,000 ಮತ್ತು 8,000, ಜೊತೆಗೆ ಬಿಗ್ ಬ್ಲೈಂಡ್‌ನವರು ಎಲ್ಲರ ಪರವಾಗಿ ಕಟ್ಟುವ ಆಂಟೆ 8,000. ನಮ್ಮ ಆಟಗಾರ್ತಿ ಬಟನ್‌ನಲ್ಲಿದ್ದರು, ಅಂದರೆ ಬ್ಲೈಂಡ್ ಕಟ್ಟಿದ ಇಬ್ಬರಿಗೆ ತುಸು ಮುಂಚೆ ಆಡುವ ಜಾಗದಲ್ಲಿ. ಚಿಪ್ಸ್ 76,000. ಬಿಗ್ ಬ್ಲೈಂಡ್‌ನ ಒಂಬತ್ತೂವರೆ ಪಟ್ಟು. ಮುಂಚಿನವರೆಲ್ಲ ಫೋಲ್ಡ್. ಕೈಗೆ ಬಂದದ್ದು ಒಂದೇ ಬಣ್ಣದ (ಇಸ್ಪೀಟು, ಆಟೀನಿನಂಥ ಒಂದೇ ಗುರುತಿನ) ರಾಜ-ಗುಲಾಮ.

ಬೆಳಿಗ್ಗೆ ಕೊಟ್ಟ ಚಾರ್ಟ್‌ನಲ್ಲಿ ಇದು ಯೋಚನೆಯೇ ಬೇಡದ ಆಲ್-ಇನ್. ಪಾಟ್‌ನಲ್ಲಿ ಆಗಲೇ 20,000 ಬಿದ್ದಿದೆ, ಅವರ ಬಳಿ ಇದ್ದದ್ದರ ಕಾಲು ಭಾಗಕ್ಕಿಂತ ಜಾಸ್ತಿ. ಹಿಂದೆ ಉಳಿದವರು ಇಬ್ಬರೇ. ಇಬ್ಬರೂ ಫೋಲ್ಡ್ ಮಾಡಿದರೆ ಅಷ್ಟೂ ಸುಮ್ನೆ ಸಿಗುತ್ತದೆ. ಯಾರಾದರೂ ಕಾಲ್ ಮಾಡಿದರೂ ರಾಜ-ಗುಲಾಮ ಏನೂ ಕೈಲಾಗದ ಎಲೆಗಳಲ್ಲ.

ಅವರು ಫೋಲ್ಡ್ ಮಾಡಿದರು. ಕಾರಣ ಕೇಳಿದಾಗ, 'ಬಹುಮಾನ ಹತ್ತಿರ ಬಂತಲ್ಲ, ಎಚ್ಚರ ಅಂತ ಹೇಳಿದ್ರಲ್ವಾ' ಅಂದರು. ಆದರೆ ಬಹುಮಾನ ಹತ್ತಿರ ಇರಲಿಲ್ಲ. ಇನ್ನೂ ಆರು ಜನ ಹೊರಬೀಳಬೇಕಿತ್ತು. ಆ ಹೊತ್ತಿಗೆ ಬ್ಲೈಂಡ್‌ಗಳೇ ಇವರನ್ನು ನುಂಗಿಹಾಕುತ್ತಿದ್ದವು. ಎರಡು ಸುತ್ತಿನ ನಂತರ ಒಂಬತ್ತರ ಜೋಡಿ ಬಂತು, ಆಲ್-ಇನ್ ಹೋಗಿ ದುಪ್ಪಟ್ಟು ಮಾಡಿಕೊಂಡರು. ಫೋಲ್ಡ್ ಮಾಡಿದ ಕೈ ಎಲ್ಲರಿಗೂ ಮರೆತುಹೋಯಿತು.

ಆರು ಜನ ಉಳಿದಾಗ

ಬ್ಲೈಂಡ್ 5,000 ಮತ್ತು 10,000, ಆಂಟೆ 10,000. ಐದು ಜನಕ್ಕೆ ಬಹುಮಾನ, ಉಳಿದವರು ಆರು. ಇದೇ ಬಬಲ್.

ಕೈ ಶುರುವಾಗುವ ಮುಂಚೆ ಮುಂದಾಳುವಿನ, ಅಂದರೆ ಎಲ್ಲರಿಗಿಂತ ಜಾಸ್ತಿ ಚಿಪ್ಸ್ ಇದ್ದವರ, ಬಳಿ 2,80,000. ಎರಡನೆಯವರ ಬಳಿ 1,70,000. ನಮ್ಮ ಆಟಗಾರ್ತಿ 1,40,000ದೊಂದಿಗೆ ಮೂರನೆಯವರು. ಉಳಿದ ಮೂವರ ಬಳಿ 1,10,000, 60,000 ಮತ್ತು 40,000.

ನಮ್ಮವರು ಬಿಗ್ ಬ್ಲೈಂಡ್, ಮುಂದಾಳು ಸ್ಮಾಲ್ ಬ್ಲೈಂಡ್. ಮೊದಲು ಮಾತಾಡಬೇಕಾದವರು 40,000 ಇಟ್ಟುಕೊಂಡವರು. ಅವರು ಫೋಲ್ಡ್, ನಂತರದ ಮೂವರೂ ಫೋಲ್ಡ್. ಮುಂದಾಳು ಆಲ್-ಇನ್.

ನಮ್ಮವರ ಕೈಯಲ್ಲಿ ಎಕ್ಕ-ಒಂಬತ್ತು, ಬಣ್ಣ ಬೇರೆ ಬೇರೆ. ಕಾಲ್ ಮಾಡಲು ಹಾಕಬೇಕಾದದ್ದು ಬ್ಲೈಂಡ್, ಆಂಟೆ ಕಟ್ಟಿ ಉಳಿದ 1,20,000. ಆಮೇಲೆ ಪಾಟ್ 2,70,000. ಅವರು ತಲೆಯಲ್ಲಿ ಮಾಡಿದ ಲೆಕ್ಕ ಹೀಗಿತ್ತು: 120 ಭಾಗಿಸು 270, ಅಂದರೆ 44.4% ಬೇಕು. ಮುಂದಾಳು ಬಹಳ ಹೊತ್ತಿನಿಂದ ಏನು ಬಂದರೂ ತಳ್ಳುತ್ತಿದ್ದಾರೆ, ಅಂದರೆ ಆಲ್-ಇನ್ ಹೋಗುತ್ತಿದ್ದಾರೆ. ಯಾವುದೇ ಎರಡು ಎಲೆಯ ಎದುರು ಎಕ್ಕ-ಒಂಬತ್ತಿಗೆ 60%ಗೂ ಮೇಲೆ ಇದೆ.

ಭಾಗಾಕಾರ ಸರಿ. ಮುಂದಾಳುವಿನ ಬಗ್ಗೆ ಊಹೆ ಸರಿ. ಎಕ್ಕ-ಒಂಬತ್ತಿನ ಬಲವೂ ಸರಿ, ನಿಖರ ಅಂಕಿ 60.8%. ಎರಡು ದಿನದ ಪಾಠವನ್ನು ಇಷ್ಟು ಚೊಕ್ಕವಾಗಿ ಬಳಸಿದವರು ಆ ಟೇಬಲ್‌ನಲ್ಲಿ ಇನ್ನೊಬ್ಬರಿರಲಿಲ್ಲ. 'ಕಾಲ್' ಅಂದರು.

ಮುಂದಾಳು ತೆರೆದದ್ದು ರಾಜ-ನಾಲ್ಕು. ಫ್ಲಾಪ್‌ನಲ್ಲೇ ಒಂಬತ್ತು ಬಿತ್ತು. ಕೊನೆಯವರೆಗೂ ರಾಜ ಬರಲಿಲ್ಲ. 2,70,000 ಚಿಪ್ಸ್ ನಮ್ಮವರ ಮುಂದೆ ಬಂದು ಕೂತವು.

ಚಿಪ್ಸ್ ಲೆಕ್ಕ ಮತ್ತು ಬಹುಮಾನದ ಲೆಕ್ಕ

ಚಿಪ್ಸ್ ಮಾತ್ರ ನೋಡಿದರೆ ಕಾಲ್ ಭರ್ಜರಿ ಲಾಭ. ಫೋಲ್ಡ್ ಮಾಡಿದ್ದರೆ 1,20,000 ಉಳಿಯುತ್ತಿತ್ತು. ಕಾಲ್‌ನಿಂದ ಸರಾಸರಿ ಸಿಗುವುದು 2,70,000ದ 60.8%, ಅಂದರೆ ಸುಮಾರು 1,64,000. ಹೆಚ್ಚುಕಡಿಮೆ 44,000 ಚಿಪ್ಸ್ ಮುಂದೆ.

ತೊಂದರೆ ಏನಂದ್ರೆ ಟೂರ್ನಮೆಂಟ್ ಚಿಪ್ಸನ್ನು ಕೌಂಟರ್‌ಗೆ ಕೊಟ್ಟು ಹಣ ತಗೊಳ್ಳಲು ಆಗುವುದಿಲ್ಲ. ಹಣ ಸಿಗುವುದು ಸ್ಥಾನಕ್ಕೆ. ಎಲ್ಲ ಚಿಪ್ಸ್ ಗುಡ್ಡೆ ಹಾಕಿಕೊಂಡವರಿಗೂ ಇಲ್ಲಿ 40% ಮಾತ್ರ. ಉಳಿದ 60% ಸೋತವರಿಗೇ ಹೋಗುತ್ತದೆ. ಹಾಗಾಗಿ ಗೆದ್ದ ಚಿಪ್‌ಗೆ ಇರುವ ಬೆಲೆ ಕಳೆದುಕೊಂಡ ಚಿಪ್‌ಗಿಂತ ಕಡಿಮೆ.

ಎಷ್ಟು ಕಡಿಮೆ ಅಂತ ಅಳೆಯುವ ಸಾಧನವೇ ಐಸಿಎಂ. ಇದರ ಗಣಿತ ಬಂದದ್ದು ಕುದುರೆ ಜೂಜಿನ ಕಡೆಯಿಂದ. ಒಂದು ಕುದುರೆ ಮೊದಲು ಬರುವ ಸಾಧ್ಯತೆ ಗೊತ್ತಿದ್ದರೆ ಎರಡನೆಯ, ಮೂರನೆಯ ಸ್ಥಾನಗಳ ಸಾಧ್ಯತೆ ಹೇಗೆ ಕಂಡುಹಿಡಿಯುವುದು ಅಂತ ಡೇವಿಡ್ ಹಾರ್ವಿಲ್ 1973ರಲ್ಲಿ ಬರೆದರು. ಅದನ್ನು 1987ರಲ್ಲಿ ಪೋಕರ್‌ಗೆ ತಂದವರು ಮೇಸನ್ ಮಾಲ್ಮುತ್. ಮೊದಲ ಸ್ಥಾನ ಸಿಗುವ ಸಾಧ್ಯತೆ ಅವರವರ ಚಿಪ್ಸ್‌ನ ಪಾಲಿನಷ್ಟೇ ಅಂತ ಹಿಡಿಯುವುದು. ಅವರನ್ನು ಬದಿಗಿಟ್ಟು, ಉಳಿದವರಲ್ಲಿ ಎರಡನೆಯ ಸ್ಥಾನ ಯಾರಿಗೆ ಅಂತ ಅದೇ ರೀತಿ ನೋಡುವುದು. ಹೀಗೆ ಕೊನೆಯವರೆಗೆ.

ಚರ್ಚೆಯಲ್ಲಿ ಈ ಕೈಗೆ ಆ ಲೆಕ್ಕ ಹಾಕಿದರು. ಫೋಲ್ಡ್ ಮಾಡಿದ್ದರೆ ನಮ್ಮವರ ಪಾಲು ಒಟ್ಟು ಬಹುಮಾನದ 17.25%. ಅಷ್ಟು ಹೊತ್ತಿಗೆ ಅವರ ಬಳಿ ಇರುವುದು ಚಿಪ್ಸ್‌ನ 15% ಮಾತ್ರ, ಅಂದರೆ ಬೆಲೆ ಚಿಪ್ಸ್‌ಗಿಂತ ಜಾಸ್ತಿ. ಕಾಲ್ ಮಾಡಿ ಗೆದ್ದರೆ ಚಿಪ್ಸ್ 33.75%ಗೆ ಏರುತ್ತದೆ, ಬೆಲೆ ಮಾತ್ರ 25.2% ಹತ್ತಿರ ನಿಲ್ಲುತ್ತದೆ. ಸೋತರೆ ಆರನೆಯ ಸ್ಥಾನ, ಸೊನ್ನೆ.

ಈಗ ಭಾಗಿಸಿ. 17.25 ಭಾಗಿಸು 25.2, ಅಂದರೆ 68.5%. ಪಾಟ್ ಆಡ್ಸ್ 44.4% ಸಾಕು ಅಂದ ಜಾಗದಲ್ಲಿ ಬಹುಮಾನದ ಲೆಕ್ಕ ಕೇಳುತ್ತಿರುವುದು ಇಪ್ಪತ್ನಾಲ್ಕು ಅಂಶ ಮೇಲೆ. 60.8% ಇಟ್ಟುಕೊಂಡು ಕಾಲ್ ಮಾಡಿದರೆ ಸರಾಸರಿ ಸಿಗುವುದು 15.3%. ಕಳೆದುಕೊಂಡದ್ದು ಹೆಚ್ಚುಕಡಿಮೆ 2%, ಐದನೆಯ ಬಹುಮಾನದ ಕಾಲು ಭಾಗ. ಒಂದೇ ನಿರ್ಧಾರಕ್ಕೆ ಇದು ದೊಡ್ಡ ಮೊತ್ತ.

ಅಲ್ಲಿದ್ದವರಿಗೆ ಇನ್ನೂ ನುಂಗಲಾಗದ ಸಂಗತಿ ಮುಂದಿತ್ತು. ಯಾವುದೇ ಎರಡು ಎಲೆಯ ಎದುರು ಬಣ್ಣ ಬೇರೆಯಾದ ಎಕ್ಕ-ರಾಜನಿಗೆ ಇರುವುದು 65.3%, ಒಂದೇ ಬಣ್ಣದ್ದಾದರೆ 67%. ಎರಡೂ 68.5% ಮುಟ್ಟುವುದಿಲ್ಲ. ಅಂದರೆ ಎದುರಿನವರು ಎಲೆ ನೋಡದೆ ತಳ್ಳಿದ್ದಾರೆ ಅಂತ ಖಚಿತವಾಗಿ ಗೊತ್ತಿದ್ದರೂ ಎಕ್ಕ-ರಾಜ ಇಲ್ಲಿ ಫೋಲ್ಡ್. ಎಂಟರ ಜೋಡಿ 69.1%ರಲ್ಲಿ ಕೂದಲೆಳೆಯಷ್ಟು ದಾಟುತ್ತದೆ. ಅದಕ್ಕಿಂತ ಮೇಲಿನ ಜೋಡಿಗಳು ಸಲೀಸು.

ಲೆಕ್ಕಕ್ಕೆ ಬಾರದ ಇನ್ನೊಂದು ಸಂಗತಿಯೂ ಇತ್ತು. 40,000 ಇಟ್ಟುಕೊಂಡವರು ಮುಂದಿನ ಕೈಯಲ್ಲೇ ಬಿಗ್ ಬ್ಲೈಂಡ್. ಬ್ಲೈಂಡ್ ಮತ್ತು ಆಂಟೆ ಸೇರಿ 20,000, ಅವರ ಬಳಿ ಇದ್ದದ್ದರ ಅರ್ಧ. ಅದರ ಮುಂದಿನ ಕೈಯಲ್ಲಿ 60,000ದವರ ಸರದಿ. ಐಸಿಎಂ ಯಾರು ಎಲ್ಲಿ ಕೂತಿದ್ದಾರೆ ಅಂತ ನೋಡುವುದಿಲ್ಲ, ಬರೀ ಚಿಪ್ಸ್ ನೋಡುತ್ತದೆ. ಕೂತ ಜಾಗವನ್ನೂ ಸೇರಿಸಿಕೊಂಡರೆ ಫೋಲ್ಡ್ ಇನ್ನೂ ಗಟ್ಟಿಯಾಗುತ್ತದೆ. ಸುಮ್ಮನೆ ಕೂತಿದ್ದರೂ ಎರಡು ಕೈಯೊಳಗೆ ಯಾರಾದರೂ ಹೊರಬೀಳುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಟೇಬಲ್ ಮೇಲೆ ಕೂತು ಇಷ್ಟೆಲ್ಲ ಲೆಕ್ಕ ಹಾಕಲು ಯಾರಿಗೂ ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಆಲ್-ಇನ್ ಹೋದವರು ನನ್ನನ್ನು ಹೊರಗೆ ಹಾಕಬಲ್ಲರಾ? ನನಗಿಂತ ಕಡಿಮೆ ಚಿಪ್ಸ್ ಇರುವವರು ಎಷ್ಟು ಜನ? ಅವರ ಬ್ಲೈಂಡ್ ಯಾವಾಗ? ಇಷ್ಟು ಕೇಳಿಕೊಂಡಿದ್ದರೆ ಸಾಕಿತ್ತು. ಇದೇ ಎಕ್ಕ-ಒಂಬತ್ತಿನ ಎದುರು 40,000ದವರು ಆಲ್-ಇನ್ ಹೋಗಿದ್ದರೆ ಉತ್ತರವೇ ಬೇರೆ. ಸೋತರೂ ನಮ್ಮವರು ಆಟದಲ್ಲಿ ಉಳಿಯುತ್ತಿದ್ದರು, ಆಗ ಪಾಟ್ ಆಡ್ಸ್ ಹೇಳುವ ಅಂಕಿಗೆ ಹತ್ತಿರವೇ ಆಡಬಹುದಿತ್ತು.

ಮುಂದಾಳುವಿನ ಕಡೆಯಿಂದ

ರಾಜ-ನಾಲ್ಕು ತಳ್ಳಿದವರನ್ನು ಕೆಲವರು ಗೇಲಿ ಮಾಡಿದರು. ನನ್ನ ಪ್ರಕಾರ ಇಡೀ ದಿನದ ಅತ್ಯುತ್ತಮ ನಿರ್ಧಾರಗಳಲ್ಲಿ ಅದೂ ಒಂದು. ನಮ್ಮವರು ಸರಿಯಾಗಿ ಆಡಿದರೆ ಎಂಟರಿಂದ ಎಕ್ಕದವರೆಗಿನ ಏಳು ಜೋಡಿಗಳಿಗಷ್ಟೇ ಕಾಲ್ ಮಾಡಬೇಕು. ಒಂದೊಂದಕ್ಕೆ 6ರಂತೆ 42 ಕೈಗಳು. 1,326ರಲ್ಲಿ 42 ಅಂದರೆ 3.2%. ನೂರಕ್ಕೆ ಸುಮಾರು ತೊಂಬತ್ತೇಳು ಸಲ ಜಗಳವಿಲ್ಲದೆ ಬ್ಲೈಂಡ್ ಮತ್ತು ಆಂಟೆ ಕೈಗೆ ಬರುತ್ತದೆ. ಒಂದೇ ಕೈಯಲ್ಲಿ ತಳ್ಳುವವರಿಗೂ ಕಾಲ್ ಮಾಡುವವರಿಗೂ ಬೇಕಾದ ಎಲೆ ಇಷ್ಟು ಬೇರೆ ಬೇರೆ ಆಗಿರುವುದು ಬಬಲ್‌ನ ವಿಶೇಷ. ತಳ್ಳುವವರು ಎರಡು ದಾರಿಯಲ್ಲಿ ಗೆಲ್ಲಬಹುದು, ಕಾಲ್ ಮಾಡುವವರು ಒಂದೇ ದಾರಿಯಲ್ಲಿ.

ಇದನ್ನು ರಾಜ-ಗುಲಾಮನ ಕೈ ಪಕ್ಕ ಇಟ್ಟು ನೋಡಿ. 11 ಜನ ಇದ್ದಾಗ ತಳ್ಳುವ ಅವಕಾಶ ಇವರದಾಗಿತ್ತು, ಬಿಟ್ಟರು. 6 ಜನ ಇದ್ದಾಗ ಕಾಲ್ ಮಾಡುವ ಪಾಳಿ ಇವರದು, ಹಾಕಿಬಿಟ್ಟರು. ಎಚ್ಚರ ಬೇಡದ ಕಡೆ ಎಚ್ಚರ, ಬೇಕಾದ ಕಡೆ ಪಾಟ್ ಆಡ್ಸ್. ಶಿಬಿರದವರೂ ಇದರಲ್ಲಿ ಪಾಲುದಾರರು. ಪಾಟ್ ಆಡ್ಸನ್ನು ಬಾಯಿಪಾಠವಾಗುವಷ್ಟು ತಿದ್ದಿಸಿ, ಅದು ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದಕ್ಕೆ ಅರ್ಧ ಗಂಟೆ ಕೊಟ್ಟರೆ ಇನ್ನೇನಾಗುತ್ತದೆ? ಲೆಕ್ಕ ಚೆನ್ನಾಗಿ ಬರುವವರೇ ಈ ಹೊಂಡಕ್ಕೆ ಬೇಗ ಬೀಳುವುದು. ಲೆಕ್ಕ ಬಾರದವರು ಎಕ್ಕ-ಒಂಬತ್ತನ್ನು ಹೆದರಿಯಾದರೂ ಬಿಡುತ್ತಿದ್ದರು.

ಮುಂದೆ ಆದದ್ದು ಚುಟುಕಾಗಿ: 40,000ದವರು ಮುಂದಿನ ಕೈಯಲ್ಲೇ ಉಳಿದದ್ದನ್ನೆಲ್ಲ ಹಾಕಿ ಗೆದ್ದು ಬದುಕಿಕೊಂಡರು. ಸ್ವಲ್ಪ ಹೊತ್ತಿಗೆ 60,000ದವರು ಹೊರಬಿದ್ದರು. ನಮ್ಮ ಆಟಗಾರ್ತಿಗೆ ಮೂರನೆಯ ಸ್ಥಾನ, 16%.

ಅವರ ಆಕ್ಷೇಪ

ಗೆದ್ದವರಿಗೆ ನಿಮ್ಮ ಆಟ ತಪ್ಪು ಅಂತ ಹೇಳುವುದು ಸುಲಭವಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಒಪ್ಪಲೂ ಇಲ್ಲ. ಅವರ ಪ್ರಶ್ನೆ ಚುರುಕಾಗಿತ್ತು. 'ಸರ್, ನಾನು ಐದನೇ ಬಹುಮಾನಕ್ಕೆ ಬಂದವಳಲ್ಲ. ಮೊದಲನೇ ಸ್ಥಾನ ಬಿಟ್ಟು ಬೇರೆ ಯಾವುದೂ ನನಗೆ ಲೆಕ್ಕಕ್ಕಿಲ್ಲ. ಆಗಲೂ ಫೋಲ್ಡ್ ಮಾಡಬೇಕಾ?'

ತರಬೇತುದಾರರು ಜಾರಿಕೊಳ್ಳಲಿಲ್ಲ. 'ಇಲ್ಲ ಮೇಡಂ, ಆಗ ನೀವು ಮಾಡಿದ್ದೇ ಸರಿ' ಅಂದರು. ಮೊದಲ ಸ್ಥಾನಕ್ಕೆ ಮಾತ್ರ ಬೆಲೆ ಇದ್ದರೆ ಚಿಪ್ಸ್‌ನ ಪಾಲೇ ಬಹುಮಾನದ ಪಾಲು. ಬೇಕಾದದ್ದು ಮತ್ತೆ 44.4%. 'ಆದರೆ ಹಾಗಿದ್ದರೆ ಹನ್ನೊಂದು ಜನ ಇದ್ದಾಗ ರಾಜ-ಗುಲಾಮ ಯಾಕೆ ಬಿಟ್ಟಿರಿ? ಅದು ಐದನೇ ಬಹುಮಾನಕ್ಕೆ ಆಡುವವರೂ ಬಿಡದ ಕೈ.' ಇದಕ್ಕೆ ಅವರು ನಕ್ಕರು, ಉತ್ತರ ಕೊಡಲಿಲ್ಲ.

ಆಮೇಲೆ ಹಾಳೆ ತಗೊಂಡು ತಾವೇ ಮೂರನೆಯ ಲೆಕ್ಕ ಶುರು ಮಾಡಿದರು. ಐದು ಜನಕ್ಕೂ ಒಂದೇ ಸಮ ಬಹುಮಾನ ಇದ್ದರೆ? ಸ್ಯಾಟಲೈಟ್ ಟೂರ್ನಮೆಂಟ್‌ಗಳು ಹೀಗೇ ಇರುತ್ತವೆ. ಗೆದ್ದವರಿಗೆಲ್ಲ ದೊಡ್ಡ ಟೂರ್ನಮೆಂಟ್‌ಗೆ ಒಂದೊಂದು ಟಿಕೆಟ್. 2003ರಲ್ಲಿ ಕ್ರಿಸ್ ಮನಿಮೇಕರ್ ಇಂಥದೇ ದಾರಿಯಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್‌ಗೆ ಬಂದು, 839 ಜನರ ನಡುವೆ 25 ಲಕ್ಷ ಡಾಲರ್ ಗೆದ್ದರು. ಶಿಬಿರದಲ್ಲಿ ಆ ಕಥೆ ಎಲ್ಲರ ಬಾಯಲ್ಲೂ ಇತ್ತು.

ಅದೇ ಚಿಪ್ಸ್, ಅದೇ ಕೈ. ಫೋಲ್ಡ್ ಮಾಡಿದರೆ ಟಿಕೆಟ್ ಸಿಗುವ ಸಾಧ್ಯತೆ 90.9%. ಕಾಲ್ ಮಾಡಿ ಗೆದ್ದರೆ 98.5%. ಭಾಗಿಸಿದರೆ ಕಾಲ್‌ಗೆ ಬೇಕಾದದ್ದು 92%ಗೂ ಮೇಲೆ. ಯಾವುದೇ ಎರಡು ಎಲೆಯ ಎದುರು ಎಕ್ಕದ ಜೋಡಿಗೆ ಇರುವುದೇ 85%. ಅಂದರೆ ಆಟದ ಅತ್ಯುತ್ತಮ ಕೈಯನ್ನೂ ಮಡಚಿ ಇಡಬೇಕು.

ಹಿಂದಿನ ಸಾಲಿನಿಂದ ಒಬ್ಬರು ಅದು ಸಾಧ್ಯವೇ ಇಲ್ಲ ಅಂದರು. ನಮ್ಮ ಆಟಗಾರ್ತಿ ಇನ್ನೊಮ್ಮೆ ಮೊದಲಿನಿಂದ ಲೆಕ್ಕ ಹಾಕಿ, ಅಷ್ಟೇ ಬಂತು ಅಂತ ಹಾಳೆಯನ್ನು ಅವರ ಕಡೆ ದಾಟಿಸಿದರು.